ಕಡಲಂಚಿನ ಪಂಚಾಂಗಕ್ಕೆ ಕೆಲವು ಚಿತ್ರಗಳು

ಯಾವ ಹಬ್ಬಕ್ಕೆ ಯಾವ ಚಿತ್ರ ಎಂಬುದನ್ನು ಇಂದು ತೀರ್ಮಾನಿಸುವುದು ದೂರದರ್ಶನ ವಾಹಿನಿಗಳ ಕಾರ್ಯಕ್ರಮಪಟ್ಟಿ. ಅದರ ಪ್ರಕಾರ ಆಗಸ್ಟ್ 15 ಎಂದರೆ ಗಡಿಯ ಗುಂಡಿನ ಸದ್ದು, ಗಣೇಶ ಚೌತಿಯೆಂದರೆ ಆ ವರ್ಷ ಗೆದ್ದ ನಾಯಕನ ಚಿತ್ರದ ಮೊದಲ ಪ್ರಸಾರ, ರಾಜ್ಯೋತ್ಸವವೆಂದರೆ 1975ರ 'ಮಯೂರ'. 'ಮಯೂರ'ದ ಬಗ್ಗೆ ತಕರಾರಿಲ್ಲ, ಅದು ಬನವಾಸಿಯ ಕದಂಬರ ಕಥೆಯಾದ್ದರಿಂದ ಉತ್ತರ ಕನ್ನಡ ಜಿಲ್ಲೆಗೆ ಅದರ ಮೇಲೆ ಉಳಿದವರಿಗಿಂತ ತುಸು ಹೆಚ್ಚಿನ ಹಕ್ಕೇ ಇದೆ. ಬೇಸರ ತರುವ ಸಂಗತಿ ಬೇರೆ. ಕಾರವಾರ, ಅಂಕೋಲೆಗಳಿಗೆ ಅವುಗಳದೇ ಆದ ದಿನಗಳಿವೆ, ಆ ದಿನಗಳಿಗೆ ಒಪ್ಪುವ, ಹೆಚ್ಚು ಜನ ನೋಡದ ಹಳೆಯ ಚಿತ್ರಗಳೂ ಇವೆ; ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಸಿದ್ಧವಾಗುವ ಪಟ್ಟಿಗೆ ಇವೆರಡೂ ತೋಚುವುದಿಲ್ಲ.

ಅಂಕೋಲೆಯ ದಿನ ಏಪ್ರಿಲ್ 13. ಗಾಂಧೀಜಿ ದಂಡಿಯಲ್ಲಿ ಉಪ್ಪು ಹೆಕ್ಕಿದ ಒಂದು ವಾರದ ಬಳಿಕ, 1930ರ ಆ ದಿನ, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿಯ ಜನ ಉಪ್ಪಿನ ಕಾನೂನನ್ನು ಮುರಿದರು; ಮುಂದೆ ಕರನಿರಾಕರಣೆ, ಅಂದರೆ ಸರಕಾರಕ್ಕೆ ಭೂಕಂದಾಯ ಕಟ್ಟದಿರುವ ಚಳವಳಿ, ಇದೇ ತಾಲೂಕಿನಲ್ಲಿ ಬಲಗೊಂಡು, ಗುಜರಾತಿನ ರೈತರ ಹೋರಾಟದ ನೆನಪಿನಲ್ಲಿ ಅಂಕೋಲೆಗೆ 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಬಂತು. ಈ ದಿನಕ್ಕೆ ವೇಷ ಹಾಕಿದ ಗಾಂಧಿಗಿಂತ ನಿಜವಾದ ಗಾಂಧಿಯೇ ತಕ್ಕುದು. ತಮಿಳಿನ ಎ.ಕೆ. ಚೆಟ್ಟಿಯಾರ್ 1937ರ ಅಕ್ಟೋಬರ್ 2ರಂದು ನ್ಯೂಯಾರ್ಕಿನಿಂದ ಡಬ್ಲಿನ್‌ಗೆ ಹಡಗಿನಲ್ಲಿ ಸಾಗುತ್ತಿದ್ದಾಗ ಗಾಂಧೀಜಿಯ ಸಾಕ್ಷ್ಯಚಿತ್ರ ಮಾಡಬೇಕೆಂದು ನಿಶ್ಚಯಿಸಿ, ದೇಶದೇಶಗಳಲ್ಲಿ ಚದುರಿದ್ದ ಸುರುಳಿಗಳನ್ನು ಹುಡುಕಿ ತಂದು, 1940ರಲ್ಲಿ, ಬ್ರಿಟಿಷರ ಆಳ್ವಿಕೆ ಇರುವಾಗಲೇ, ಅದನ್ನು ತೆರೆಗೆ ತಂದರು. ಉಪ್ಪಿನ ಕಾನೂನು ಮುರಿದ ಊರು ನೋಡಬೇಕಾದ ಧೈರ್ಯ ಅದು.

ಕಾರವಾರದ ಮೇ ತಿಂಗಳು ರವೀಂದ್ರನಾಥ ಠಾಕೂರರದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ತರುಣ ಕವಿ 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಇಲ್ಲಿಯೇ ಬರೆದರೆಂಬುದನ್ನು ಊರು ಮರೆತಿಲ್ಲ, ಕಡಲತೀರಕ್ಕೇ ಅವರ ಹೆಸರಿದೆ. ಅವರು ಸ್ವತಃ ನಿರ್ದೇಶಿಸಿದ ಚಿತ್ರವೂ ಒಂದಿದೆ: ಬುದ್ಧನ ಸ್ತೂಪದ ಮುಂದೆ ನೃತ್ಯವನ್ನೇ ಪೂಜೆಯಾಗಿ ಅರ್ಪಿಸಿ ಪ್ರಾಣ ತೆರುವ ನರ್ತಕಿಯ ಕಥೆಯಾದ, 1932ರ 'ನಟೀರ್ ಪೂಜಾ'. ಕವಿಯ ಹುಟ್ಟುಹಬ್ಬವೂ ಬುದ್ಧಪೂರ್ಣಿಮೆಯೂ ಒಂದೇ ವೈಶಾಖದ ಆಸುಪಾಸಿನಲ್ಲಿ ಬರುವುದರಿಂದ ಇಂಥ ಜೋಡಿ ಬೇರೊಂದು ಸಿಗದು. ಆದರೆ ಸ್ಟುಡಿಯೊಗೆ ಬಿದ್ದ ಬೆಂಕಿಯಲ್ಲಿ ಆ ಚಿತ್ರ ನಾಶವಾಯಿತು. ಹೀಗಾಗಿ ಸತ್ಯಜಿತ್ ರಾಯ್ 1961ರಲ್ಲಿ, ಕವಿಯ ಜನ್ಮಶತಮಾನೋತ್ಸವಕ್ಕೆಂದು ಮಾಡಿದ 'ರವೀಂದ್ರನಾಥ್ ಟ್ಯಾಗೋರ್' ಸಾಕ್ಷ್ಯಚಿತ್ರವೇ ಗತಿ, ಅದೂ ಸಣ್ಣ ಗತಿಯಲ್ಲ.

ಶ್ರಾವಣದ ನಾರಳಿ ಹುಣ್ಣಿಮೆಗೆ, ಅಂದರೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ದಿನಕ್ಕೆ, ಇಟಲಿಯ ಲುಕಿನೊ ವಿಸ್ಕೊಂತಿಯ 1948ರ 'ಲಾ ತೆರ್ರಾ ತ್ರೆಮಾ' ಇದೆ. ಸಿಸಿಲಿಯ ಮೀನುಗಾರರೇ ತಮ್ಮ ಮನೆಮಾತಿನಲ್ಲಿ ನಟಿಸಿದ ಈ ಚಿತ್ರದಲ್ಲಿ ಒಂದು ಕುಟುಂಬ ಸಗಟು ವ್ಯಾಪಾರಿಗಳ ಹಿಡಿತ ತಪ್ಪಿಸಿಕೊಳ್ಳಲು ಮನೆ ಅಡವಿಟ್ಟು ಸ್ವತಂತ್ರವಾಗಿ ದುಡಿಯಹೊರಟು, ಬಿರುಗಾಳಿಗೆ ದೋಣಿಯನ್ನೂ ಬದುಕನ್ನೂ ಕಳೆದುಕೊಳ್ಳುತ್ತದೆ. ಊರೆಲ್ಲ ಸೇರಿ ದಡಕ್ಕೆಳೆಯುತ್ತಿದ್ದ ದೊಡ್ಡ ಬಲೆಯಾದ ರಾಂಪಣಿಯು ಯಂತ್ರಚಾಲಿತ ಪರ್ಸಿನ್ ಬೋಟುಗಳೆದುರು ಸೋತದ್ದನ್ನು ಕಂಡ ಇಲ್ಲಿಯ ಮೀನುಗಾರರಾದ ಹರಿಕಂತ, ಖಾರ್ವಿಗಳ ಕೇರಿಗಳಲ್ಲಿ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇವೆಲ್ಲಕ್ಕಿಂತ ಬಲವಾದ ಜೋಡಿ ಡಿಸೆಂಬರ್ 19ರದು. 1961ರ ಆ ದಿನ ಗೋವೆ ಪೋರ್ಚುಗೀಸರಿಂದ ಬಿಡುಗಡೆ ಹೊಂದಿತು, ಮತ್ತು ಆ ಬಿಡುಗಡೆಯ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಕಾರವಾರದ ಕಣ್ಣೆದುರಿನ ಕಡಲಲ್ಲಿ. ಅಂಜುದೀವ್ ಎಂಬ ಸಣ್ಣ ನಡುಗಡ್ಡೆ ಕಾರವಾರದ ದಡಕ್ಕೆ ಅಂಟಿದಂತಿದ್ದರೂ ಆಡಳಿತದ ಲೆಕ್ಕದಲ್ಲಿ ಗೋವೆಯದು. 1498ರಲ್ಲಿ ವಾಸ್ಕೊ ಡ ಗಾಮಾ ಅಲ್ಲಿ ತಂಗಿದ್ದ, 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಕೋಟೆ ಕಟ್ಟಿಸಿದ್ದ. ಇಂಗ್ಲೆಂಡಿನ ಅರಸನಿಗೆ ವರದಕ್ಷಿಣೆಯಾಗಿ ಬಂದ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಅಬ್ರಹಾಂ ಶಿಪ್‌ಮನ್, ಪೋರ್ಚುಗೀಸ್ ಅಧಿಕಾರಿಗಳು ಅದನ್ನು ಬಿಟ್ಟುಕೊಡಲು ಒಪ್ಪದ ಕಾರಣ ಈ ನಡುಗಡ್ಡೆಯಲ್ಲಿ ಕಾದು ಕುಳಿತು, ಸೈನಿಕರು ರೋಗಕ್ಕೆ ತುತ್ತಾಗಿ ಒಬ್ಬೊಬ್ಬರಾಗಿ ಸಾಯುವುದನ್ನು ನೋಡುತ್ತ, 1664ರಲ್ಲಿ ತಾನೂ ಅಲ್ಲಿಯೇ ಸತ್ತ. ಮುಂಬಯಿಯ ಚರಿತ್ರೆಯ ಈ ಪುಟ ಕಾರವಾರದ ಬದಿಯ ಮಣ್ಣಿನಲ್ಲಿ ಹೂತಿದೆಯೆಂಬುದನ್ನು ಎರಡೂ ಊರಿನ ಮಕ್ಕಳು ಓದಬೇಕಿತ್ತು.

ಮೂರು ಶತಮಾನಗಳ ಬಳಿಕ, 1961ರ ನವೆಂಬರಿನಲ್ಲಿ, ಇದೇ ದ್ವೀಪದಿಂದ ಪೋರ್ಚುಗೀಸರು 'ಸಾಬರಮತಿ' ಎಂಬ ಪ್ರಯಾಣಿಕ ಹಡಗಿನ ಮೇಲೆ, ಕೆಲವೇ ದಿನಗಳಲ್ಲಿ ಮೀನುಗಾರರ ದೋಣಿಯ ಮೇಲೆ ಗುಂಡು ಹಾರಿಸಿದರು. ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರಂದು ಭಾರತದ ನೌಕಾಪಡೆ ದ್ವೀಪಕ್ಕೆ ಇಳಿಯಿತು, ಆ ಕಾಳಗದಲ್ಲಿ ಏಳು ನಾವಿಕರು ಪ್ರಾಣ ಕೊಟ್ಟರು. ಇದೇ ಜಿಲ್ಲೆಯ ಕ್ಯಾಸಲ್‌ರಾಕ್‌ನ ಕಾಡಿನಲ್ಲಿ ಅಡಗಿದ್ದ ಗುಪ್ತ ಬಾನುಲಿ ಕೇಂದ್ರದಿಂದ ವರ್ಷಗಟ್ಟಲೆ ಗೋವೆಯ ಸ್ವಾತಂತ್ರ್ಯದ ಮಾತು ಬಿತ್ತರಿಸಿದ್ದ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ, ಬಿಡುಗಡೆಯಾದ ದಿನ ವಿಮಾನವೇರಿ, ಆ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಆಕಾಶದಿಂದಲೇ ಸಾರಿದರು.

ಇಂಥ ದಿನಕ್ಕೆ ಹೇಳಿ ಮಾಡಿಸಿದ್ದು ಕೆ.ಎ. ಅಬ್ಬಾಸರ 1969ರ 'ಸಾತ್ ಹಿಂದೂಸ್ತಾನಿ'. ಅಮಿತಾಭ್ ಬಚ್ಚನ್ ಮೊದಲು ನಟಿಸಿದ ಚಿತ್ರವೆಂದು ರಸಪ್ರಶ್ನೆಗಳಲ್ಲಿ ಅದರ ಹೆಸರು ಉಳಿದಿದೆ, ಚಿತ್ರವನ್ನು ನೋಡಿದವರು ವಿರಳ. ಗೋವೆಯ ಮರಿಯಾ ಮತ್ತು ದೇಶದ ಬೇರೆ ಬೇರೆ ಮೂಲೆಗಳಿಂದ ಬಂದ ಆರು ಮಂದಿ ಸೇರಿ, ಶಸ್ತ್ರ ಹಿಡಿಯದೆ, ಪೋರ್ಚುಗೀಸರ ನೆಲೆಗಳ ಮೇಲೆ ತ್ರಿವರ್ಣ ಧ್ವಜ ಹಾರಿಸುವುದು ಅದರ ಕಥೆ. ಅಬ್ಬಾಸ್ ಬೇಕೆಂದೇ ನಟರ ನಾಡುಗಳನ್ನು ಅದಲುಬದಲು ಮಾಡಿದರು: ಬಂಗಾಳದ ಉತ್ಪಲ್ ದತ್ ಪಂಜಾಬಿ ರೈತನಾದರು, ಕೇರಳದ ಮಧು ಬಂಗಾಳಿಯಾದರು. ಕನ್ನಡ, ಕೊಂಕಣಿ, ಮರಾಠಿಗಳನ್ನು ಒಂದೇ ಸಂತೆಯಲ್ಲಿ ಬದಲಿಸಿ ಬದಲಿಸಿ ಆಡುವ ಕಾರವಾರಿಗರಿಗೆ ಈ ಅದಲುಬದಲು ಬೇರೆಲ್ಲರಿಗಿಂತ ಚೆನ್ನಾಗಿ ಅರ್ಥವಾದೀತು. ಕಥೆಯ ಏಳು ಮಂದಿಗೂ ಅಂಜುದೀವಿನ ಏಳು ನಾವಿಕರಿಗೂ ಯಾವ ಸಂಬಂಧವೂ ಇಲ್ಲ, ಸಂಖ್ಯೆ ಕೂಡಿಬಂದದ್ದು ಆಕಸ್ಮಿಕ. ಆದರೂ ಚಿತ್ರ ಶುರುವಾಗುವ ಮುನ್ನ ಆ ಏಳು ನಾವಿಕರ ಹೆಸರುಗಳನ್ನು ಓದಬೇಕು, ಜೊತೆಗೆ ಆ ಮೀನುಗಾರನ ಹೆಸರನ್ನೂ. ಡಿಸೆಂಬರ್ 19 ಗೋವೆಯಲ್ಲಿ ರಜೆ, ಮಾಜಾಳಿಯ ಗಡಿಯಿಂದ ಈಚೆಗೆ ಕೆಲಸದ ದಿನ. ಆದ್ದರಿಂದ ಪ್ರದರ್ಶನವನ್ನು ಸಂಜೆ ಆರರ ಮೇಲೆಯೇ ಇಡಬೇಕಾಗುತ್ತದೆ.