ಅಳಿಸುವ ಮುನ್ನ

2014ರ ಬೇಸಿಗೆಯಲ್ಲಿ ಇಟ್ಟಿಗಿಯ ನಿವೃತ್ತ ಶಿಕ್ಷಕರೊಬ್ಬರ ಗಣಕಯಂತ್ರವು ತೀರ ಮಂದಗತಿಯದಾಯಿತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಗುರುಕಾಣಿಕೆಯಾಗಿ ಇತ್ತ ಯಂತ್ರವದು. ಜೊತೆಯಲ್ಲಿ ಮೈಕ್ರೋಸಾಫ್ಟ್ ಆಫೀಸ್ 2007ರ ಸಿ.ಡಿ.ಯನ್ನೂ ಕೊಂಡುಕೊಟ್ಟಿದ್ದರು. ದುರಸ್ತಿಗೆ ಬಂದ ಶಿಷ್ಯನು ಎಲ್ಲವನ್ನೂ ಅಳಿಸಿ ಮರಳಿ ಸ್ಥಾಪಿಸಬೇಕೆಂದನು. ಸಿ.ಡಿ. ದೊರೆಯಿತು, ಕೀಲಿಸಂಖ್ಯೆಯಿದ್ದ ಹೊರಕವಚ ಮಾತ್ರ ಟ್ರಂಕಿನಲ್ಲಿಲ್ಲ, ಅಟ್ಟದ ಮೇಲೂ ಇಲ್ಲ.

“ಚಿಂತೆ ಬೇಡ ಗುರುಗಳೇ, ನಕಲು ಪ್ರತಿ ಹಾಕಿಕೊಡುತ್ತೇನೆ” ಎಂದನು ಶಿಷ್ಯ.

“ಬೇಡಪ್ಪಾ, ಹುಡುಗರು ಹಣ ತೆತ್ತು ತಂದದ್ದಿರುವಾಗ ಕದ್ದದ್ದೇಕೆ?” ಎಂದರು ಗುರುಗಳು.

ಆ ಮಾತು ಶಿಷ್ಯನನ್ನು ಚಿಂತನೆಗೆ ಹಚ್ಚಿತು. ಹಿಂದೊಮ್ಮೆ ಟೈಪು ಮಾಡಿದ ಕೀಲಿಸಂಖ್ಯೆಯು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ಗೂಢರೂಪದಲ್ಲಿ ಉಳಿದಿರುತ್ತದೆ. ಯಂತ್ರವನ್ನು ಅಳಿಸಿದರೆ ಅದೂ ಅಳಿಯುತ್ತದೆ. ಅದನ್ನು ಬಿಡಿಸಿ ಓದುವ ಚಿಕ್ಕ ತಂತ್ರಾಂಶವೊಂದನ್ನು ನಡೆಸಿದೊಡನೆ, ಐದೈದರ ಐದು ಗುಂಪುಗಳಾಗಿ 25 ಅಕ್ಷರಗಳು ತೆರೆಯ ಮೇಲೆ ಮೂಡಿದವು. ಶಿಷ್ಯ ಓದಿದನು, ಗುರುಗಳು ಬರೆದುಕೊಂಡರು. ಬಳಿಕ ಗುರುಗಳು ಓದಿ ಒಪ್ಪಿಸಿದರು. ಒಂದೆಡೆ ‘ಬಿ’ ಇರಬೇಕಾದಲ್ಲಿ ‘ಡಿ’ ಆಗಿತ್ತು, ತಿದ್ದಿದರು. ಕಡತಗಳನ್ನು ಬೇರೆಡೆ ಉಳಿಸಿದರು. ಯಂತ್ರವನ್ನು ಅಳಿಸಿದ್ದು ಅನಂತರವೇ. ಮರುಸ್ಥಾಪನೆಯಲ್ಲಿ ಆ ಸಂಖ್ಯೆ ಮೊದಲ ಸಲಕ್ಕೇ ಸ್ವೀಕೃತವಾಯಿತು.

2013ರ ಆವೃತ್ತಿಯಿಂದೀಚೆಗೆ ಯಂತ್ರದಲ್ಲಿ ಕೀಲಿಸಂಖ್ಯೆಯ ಕೊನೆಯ ಐದು ಅಕ್ಷರಗಳಷ್ಟೇ ಉಳಿಯುತ್ತವೆ. ಆದುದರಿಂದ ಕೊಂಡ ದಿನವೇ ಬರೆದಿಡುವುದು ಲೇಸು. ಗುರುಗಳು ಆ 25 ಅಕ್ಷರಗಳನ್ನು ತಮ್ಮ ದಿನಚರಿಯಲ್ಲಿ ಬರೆದಿರಿಸಿದರು. ಅದೇ ಪುಟದ ಮೇಲ್ಭಾಗದಲ್ಲಿ, ಕಾಣಿಕೆಯಿತ್ತ ವಿದ್ಯಾರ್ಥಿಗಳ ಹೆಸರುಗಳಿದ್ದವು.