ಹನ್ನೆರಡೂವರೆಗೆ ತಿರುಗುವುದು

ಮಲೆನಾಡಿನಲ್ಲಿ ಬೆಟ್ಟ ಹತ್ತುವವರಿಗೆ ಒಂದು ಅನುಕೂಲವಿದೆ. ದಾರಿ ಯಾವುದೆಂದು ಕಾಡೇ ತೀರ್ಮಾನಿಸಿಬಿಡುತ್ತದೆ. ಎರಡೂ ಕಡೆ ಗಿಡಮರ ಒತ್ತರಿಸಿ ನಿಂತಿರುವಾಗ ಕಾಲುದಾರಿ ಬಿಟ್ಟು ಆಚೆ ಹೋಗುವುದು ಎಲ್ಲಿಗೆ? ಇಂಗ್ಲೆಂಡಿನ ಮೂರ್‌ಲ್ಯಾಂಡ್ ಹಾಗಲ್ಲ. ಕಣ್ಣು ಹಾಯುವವರೆಗೂ ಮರವಿಲ್ಲದ ದಿಣ್ಣೆ, ಮೊಣಕಾಲೆತ್ತರದ ಹೆದರ್ ಪೊದೆ. ಆಗಸ್ಟ್ ಕೊನೆಯಲ್ಲಿ ಅದು ಹೂಬಿಟ್ಟು ಇಡೀ ಬೆಟ್ಟ ನೇರಳೆಯಾಗುತ್ತದೆ. ಎಲ್ಲವೂ ಕಾಣುವುದರಿಂದ ಎಲ್ಲವೂ ಸುಲಭ ಅನ್ನಿಸುತ್ತದೆ.

ತೀರ್ಥಹಳ್ಳಿಯಿಂದ ಬಂದು ಶೆಫೀಲ್ಡಿನ ನಮ್ಮ ಮನೆಯಲ್ಲಿರುವ ಅಪ್ಪನಿಗೂ ಹಾಗೇ ಅನ್ನಿಸಿದೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡಿದ್ದ ನನ್ನನ್ನು ನೋಡಿ, ‘ಬಯಲಲ್ಲಿ ನಡಿಯಕ್ಕೆ ಎಂಥದೋ ಇಷ್ಟು ಲೆಕ್ಕ ನಿಂದು?’ ಎಂದರು. ಹೂವಿನ ಹೆಸರು ಹೇಳಿದಾಗ, ‘ಹೆದರ್ ಅಂತ ಇಟ್ಟಿದ್ದಾರೆ ಅಂತ ಹೆದರಬೇಕಾ?’ ಎಂದು ತಾವೇ ನಕ್ಕರು.

ನಾವು ಹೋಗಬೇಕೆಂದಿರುವುದು ಕಿಂಡರ್ ಸ್ಕೌಟ್‌ಗೆ. ಎತ್ತರ 636 ಮೀಟರ್, ನಮ್ಮ ಕುದುರೆಮುಖದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಷ್ಟ ಇರುವುದು ಎತ್ತರದಲ್ಲಲ್ಲ, ಮೇಲಿನ ಸಮತಟ್ಟಿನಲ್ಲಿ. ಅಲ್ಲಿನ ನೆಲ ಪೀಟ್ ಎಂಬ ಕಪ್ಪು ಜೌಗು. ನೀರು ಅದನ್ನು ಕೊರೆದು ಅಲ್ಲಲ್ಲಿ ಆಳೆತ್ತರದ ಕೊರಕಲುಗಳನ್ನು ಮಾಡಿದೆ. ಮಂಜು ಇಳಿದರೆ ಗುರುತು ಹಿಡಿಯಲು ಒಂದು ಮರವೂ ಇಲ್ಲ.

ಒಂದು ಕಾಲಕ್ಕೆ ಇಲ್ಲಿ ಕಾಲಿಡುವಂತೆಯೇ ಇರಲಿಲ್ಲ. ಗ್ರೌಸ್ ಹಕ್ಕಿಯ ಬೇಟೆಗಾಗಿ ಜಮೀನ್ದಾರರು ಬೆಟ್ಟವನ್ನು ಕಾವಲು ಹಾಕಿ ಇಟ್ಟುಕೊಂಡಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಹುಡುಗನ ಮುಂದಾಳ್ತನದಲ್ಲಿ ನೂರಾರು ಜನ ಬೇಕೆಂದೇ ಕಾವಲು ಮೀರಿ ಹತ್ತಿದರು. ಅವನೂ ಸೇರಿ ಐವರಿಗೆ ಜೈಲಾಯಿತು. ಮೂರ್‌ಲ್ಯಾಂಡಿನಂಥ ಬಯಲುಗಳಲ್ಲಿ ದಾರಿ ಬಿಟ್ಟೂ ನಡೆಯುವ ಹಕ್ಕನ್ನು ಕಾನೂನು ಕೊಟ್ಟದ್ದು 2000ದಲ್ಲಿ. ಎಲ್ಲಿ ಬೇಕಾದರೂ ಕಾಲಿಡಬಹುದು ಎಂದ ಮೇಲೆ, ಎಲ್ಲಿ ಇಡಬಾರದು ಎನ್ನುವುದನ್ನು ತೀರ್ಮಾನಿಸುವವರೂ ನಾವೇ.

ಹಾಗಾಗಿ ಈ ಲೆಕ್ಕ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರ ಈಗಿನ ರೂಪ ಇದು: ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಹತ್ತು ಮೀಟರ್ ಏರಿಕೆಗೆ ಒಂದು ನಿಮಿಷ. ನಮ್ಮ ಸುತ್ತು ಸುಮಾರು 14 ಕಿಲೋಮೀಟರ್, ಏರಿಕೆ 450 ಮೀಟರ್. ಸೂತ್ರದ ಪ್ರಕಾರ ಮೂರೂವರೆ ಗಂಟೆ. ಆದರೆ ಆ ಸೂತ್ರಕ್ಕೆ ಜೌಗು ಗೊತ್ತಿಲ್ಲ, ಅಪ್ಪನ ಅರವತ್ತೆಂಟು ವರ್ಷವೂ ಗೊತ್ತಿಲ್ಲ. ಅದಕ್ಕೇ ಅರ್ಧದಷ್ಟು ಸೇರಿಸಿದೆ. ಊಟ, ವಿಶ್ರಾಂತಿ ಸೇರಿ ಆರೂವರೆ ಗಂಟೆ.

ಅಪ್ಪನ ಬಲಮಂಡಿ ನೋಯುತ್ತದೆ. ಅವರು ಹೇಳುವುದಿಲ್ಲ, ಮೆಟ್ಟಿಲು ಇಳಿಯುವಾಗ ಕೈ ಗೋಡೆ ಹುಡುಕುವುದನ್ನು ನಾನು ನೋಡಿದ್ದೇನೆ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆದ್ದರಿಂದ ಎಡೇಲ್ ಸ್ಟೇಷನ್ನಿನಲ್ಲಿ ಇಳಿದು, ಕಡಿದಾದ ಗ್ರಿಂಡ್ಸ್ಲೋ ನಾಲ್ ಕಡೆಯಿಂದ ಹತ್ತಿ, ಅಂಚಿನುದ್ದಕ್ಕೂ ಪಶ್ಚಿಮಕ್ಕೆ ನಡೆದು, ಜೇಕಬ್ಸ್ ಲ್ಯಾಡರ್‌ನಲ್ಲಿ ಇಳಿಯುವುದು. ಅಲ್ಲಿ ಕಲ್ಲಿನ ಮೆಟ್ಟಿಲುಗಳ ಪಕ್ಕದಲ್ಲೇ ಹಾವಿನಂತೆ ಬಳಸಿ ಬರುವ ನಿಧಾನದ ದಾರಿಯೊಂದಿದೆ.

ಚೀಲದಲ್ಲಿ ಕಾಗದದ ನಕ್ಷೆ, ದಿಕ್ಸೂಚಿ, ಮಳೆಕೋಟು, ಇನ್ನೊಂದು ಸ್ವೆಟರ್, ಟಾರ್ಚು, ಸೀಟಿ. ಆಪತ್ತಾದರೆ ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಚಿತ್ರಾನ್ನ, ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. ಸ್ಟವ್ ಒಯ್ಯುವುದಿಲ್ಲ. ಒಣಗಿದ ಪೀಟ್‌ಗೆ ಬೆಂಕಿ ಹತ್ತಿದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ.

ಇಷ್ಟೆಲ್ಲ ಬರೆದು ಕೊನೆಯಲ್ಲಿ ಒಂದು ಸಾಲು ಹಾಕಿದ್ದೇನೆ: ಹನ್ನೆರಡೂವರೆಯೊಳಗೆ ಕ್ರೌಡನ್ ಟವರ್ ಬಂಡೆ ತಲುಪದಿದ್ದರೆ, ಬಂದ ದಾರಿಯಲ್ಲೇ ವಾಪಸ್. ಮೋಡ ಬೆಟ್ಟದ ನೆತ್ತಿಗಿಂತ ಕೆಳಗಿದ್ದರೆ ಹತ್ತುವುದೇ ಇಲ್ಲ. ಕಣಿವೆಯಲ್ಲಿ ಅಪ್ಪರ್ ಬೂತ್ ತನಕ ನಡೆದು ಬರುವುದು.

ಇಡೀ ಯೋಜನೆಯ ಜೀವ ಆ ಸಾಲಿನಲ್ಲಿದೆ. ಬೆಟ್ಟದ ಮೇಲೆ ನಿಂತು ‘ಅಪ್ಪಾ, ಸಾಕು’ ಎಂದರೆ ಅವರು ಒಪ್ಪುವವರಲ್ಲ. ‘ನನ್ನ ಕೈಲಾಗಲ್ಲ ಮಗ’ ಎಂದು ಅವರ ಬಾಯಿಂದ ಕೇಳುವುದು ನನಗೂ ಬೇಡ. ಬೆಳಿಗ್ಗೆಯೇ ಕಾಗದದ ಮೇಲೆ ಬರೆದಿಟ್ಟರೆ ನಮ್ಮಿಬ್ಬರಿಗೂ ಆ ಮಾತು ಆಡುವ ಕಷ್ಟವಿಲ್ಲ. ಗಡಿಯಾರ ಹೇಳುತ್ತದೆ, ನಾವು ತಿರುಗುತ್ತೇವೆ.

ಇದನ್ನು ಬರೆಯುತ್ತಿರುವುದು ಶುಕ್ರವಾರ ರಾತ್ರಿ. ದಾರಿ ಮತ್ತು ಸಮಯದ ಒಂದು ಪ್ರತಿ ಫ್ರಿಜ್ಜಿನ ಮೇಲಿದೆ. ಸಂಜೆ ಏಳರೊಳಗೆ ನಮ್ಮ ಫೋನ್ ಬರದಿದ್ದರೆ ಹೆಂಡತಿ 999ಕ್ಕೆ ಕರೆ ಮಾಡಿ, ಪೊಲೀಸರನ್ನು ಕೇಳಿ, ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಬೇಕು. ಈಗಷ್ಟೇ ಅಪ್ಪ ನೀರು ಕುಡಿಯಲು ಬಂದವರು ಕನ್ನಡಕ ಹಾಕಿಕೊಂಡು ಅದನ್ನು ಪೂರ್ತಿ ಓದಿದರು. ಹನ್ನೆರಡೂವರೆಯ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ‘ಕೋಡುಬಳೆ ಜಾಸ್ತಿ ಹಾಕ್ಕೋ’ ಎಂದಷ್ಟೇ ಹೇಳಿ ಮಲಗಲು ಹೋದರು.