ತೊಗರಿ ಒಣಗಿದ ವರ್ಷ ನಾವು ಬಿಎಸ್ಸಿ ಓದುತ್ತಿದ್ದೆವು

ಬಯಾಲಜಿ ಓದುತ್ತೇವೆ ಅಂದರೆ ನಮ್ಮ ಕಡೆ ಮೊದಲ ಪ್ರಶ್ನೆ, "ಹಂಗಾದ್ರ ಡಾಕ್ಟರ್ ಆಗ್ತೀರೇನು?" ಅಲ್ಲ ಅಂದರೆ ಎರಡನೆಯದು, "ಮತ್ಯಾಕ ರೊಕ್ಕ ಹಾಳ ಮಾಡ್ತೀರಿ?" ಕಮಲಾಪುರ ಕಡೆಯಿಂದ ಕಲಬುರಗಿಯ ಖಾಸಗಿ ಕಾಲೇಜಿಗೆ ಬಿಎಸ್ಸಿ ಓದಲು ಹೊರಟವರು ನಾವು ನಾಲ್ವರು. ಡಿಗ್ರಿ ಮುಗಿಸಿದವರು ಮೂವರು.

ಬೆಳಿಗ್ಗೆ ಬಸ್ ಹತ್ತಿದರೆ ಮಹಾಗಾಂವ್ ಕ್ರಾಸ್ ತನಕ ನಿಂತೇ ಹೋಗಬೇಕು. ಕೈಯಲ್ಲಿ ರೊಟ್ಟಿ ಡಬ್ಬಿ, ಹೆಗಲಿಗೆ ರೆಕಾರ್ಡ್ ಬುಕ್ ಇದ್ದ ಚೀಲ. ಹತ್ತನೇ ತನಕ ಕನ್ನಡದಲ್ಲಿ ಓದಿದ ನಮಗೆ ಪಿಯುಸಿ ಎರಡು ವರ್ಷದಲ್ಲಿ ಇಂಗ್ಲಿಷ್ ಪೂರ್ತಿ ಒಗ್ಗಿರಲಿಲ್ಲ. ಕ್ಸೈಲಂ, ಫ್ಲೋಯಂ ಎಂದು ಬಾಯಿಪಾಠ ಮಾಡುತ್ತಿದ್ದೆವು. ಬೇರಿನಿಂದ ನೀರು ಮೇಲೇರುವ ಕೊಳವೆಯೇ ಕ್ಸೈಲಂ, ಎಲೆಯಲ್ಲಿ ತಯಾರಾದ ಆಹಾರ ಸಾಗುವ ದಾರಿಯೇ ಫ್ಲೋಯಂ ಎಂದು ಕನ್ನಡದಲ್ಲಿ ಹೇಳಿಕೊಂಡ ಮೇಲೆ ತಲೆಗೆ ಹತ್ತಿತು. ಮೈಕ್ರೋಸ್ಕೋಪ್ ಆರೇಳು ಮಂದಿಗೆ ಒಂದು. ಸರದಿ ಬರುವಷ್ಟರಲ್ಲಿ ಸ್ಲೈಡ್ ಒಣಗಿರುತ್ತಿತ್ತು.

2022ರ ಕೊನೆಗೆ ನಾವು ಮೂರನೇ ಸೆಮಿಸ್ಟರ್‌ನಲ್ಲಿದ್ದಾಗ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿಯಿತು. ಹೂ, ಕಾಯಿ ಹಿಡಿದು ನಿಂತ ಗಿಡ ನೋಡನೋಡುತ್ತ ಒಣಗಿತು. ಊರಲ್ಲಿ ಕಾಕಾ ಒಬ್ಬರು ಅಂಗಡಿಯವ ಕೊಟ್ಟ ಔಷಧ ಎರಡು ಸಲ ಹೊಡೆದಿದ್ದರು. ಒಂದು ಒಣ ಗಿಡ ಕಿತ್ತು ತಂದು, "ನೀವು ಗಿಡದ್ದೇ ಓದ್ತೀರಲ್ಲ, ಇದಕ್ಕೇನಾಗೇದ ಹೇಳ್ರಿ" ಅಂದರು.

ಆ ಗಿಡವನ್ನು ಕಾಲೇಜಿಗೆ ಒಯ್ದೆವು. ಮೇಡಂ ಕಾಂಡವನ್ನು ಉದ್ದಕ್ಕೆ ಸೀಳಿಸಿದರು. ಒಳಗೆ ಕಪ್ಪು, ಕಂದು ಗೆರೆ. ಫ್ಯುಸೇರಿಯಂ ಎಂಬ ಬೂಷ್ಟು ಮಣ್ಣಿನಿಂದ ಬೇರಿಗೆ ಇಳಿದು, ನೀರಿನ ಕೊಳವೆಯೊಳಗೇ ಬೆಳೆದು ದಾರಿ ಕಟ್ಟುತ್ತದೆ. ಹೊಲದಲ್ಲಿ ಹಸಿ ಇದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ನಾವು ಬಾಯಿಪಾಠ ಮಾಡಿದ ಕ್ಸೈಲಂ ಅಂದು ನಮ್ಮ ಹೊಲದ ಗಿಡದಲ್ಲಿ ಕಂಡಿತು.

ಊರಿಗೆ ಬಂದು ಕಾಕಾನ ಎದುರು ಇನ್ನೊಂದು ಗಿಡ ಸೀಳಿ ತೋರಿಸಿದೆವು. ರೋಗ ಬೇರಿನೊಳಗೆ ಇರುವಾಗ ಎಲೆಗೆ ಹೊಡೆದರೆ ಫಲವಿಲ್ಲ. ಬೂಷ್ಟು ಮಣ್ಣಿನಲ್ಲಿ, ಹಳೇ ಕಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿ ಹಾಕಿದರೆ ಹೆಚ್ಚುತ್ತದೆ. ಜೋಳದೊಂದಿಗೆ ಬೆಳೆ ಬದಲಿಸಬೇಕು, ಬೀಜಕ್ಕೆ ಟ್ರೈಕೋಡರ್ಮಾ ಉಪಚಾರ ಮಾಡಬೇಕು, ನೆಟೆ ತಡೆಯುವ ತಳಿ ಬಿತ್ತಬೇಕು. 1986ರಲ್ಲಿ ಬಂದ 'ಮಾರುತಿ' ತಳಿಯನ್ನು ಬಿಡುಗಡೆ ಮಾಡಿದ್ದೇ ಇದಕ್ಕಾಗಿ. ಕಾಕಾ ಕೇಳಿಕೊಂಡು, "ಔಷಧದ ರೊಕ್ಕ ಆದರೂ ಉಳೀತಿತ್ತು" ಅಂದರು.

ಅದೇ ವರ್ಷ ನಮ್ಮ ಗೆಳತಿ ಕಾಲೇಜು ಬಿಟ್ಟಳು. ಅವಳ ಫೀ ಬರಬೇಕಾಗಿದ್ದು ಮನೆಯ ನಾಲ್ಕು ಎಕರೆ ತೊಗರಿಯಿಂದ. ವಿದ್ಯಾರ್ಥಿವೇತನ ಬರುವುದು ಆಮೇಲೆ, ಕಾಲೇಜು ಕೇಳುವುದು ಮೊದಲು. "ಬೆಳಿ ಬಂದ ಮ್ಯಾಲ ಕಟ್ತೀವಿ" ಎಂದು ಅವರಪ್ಪ ಆಫೀಸಿನ ಕಿಟಕಿ ಮುಂದೆ ನಿಂತರು. ಆ ಕಿಟಕಿಗೆ ಬೆಳೆ, ಮಳೆ ಗೊತ್ತಿಲ್ಲ. ನಮ್ಮ ನಾಲ್ವರಲ್ಲಿ ಸ್ಲೈಡ್‌ಗೆ ತೆಳ್ಳಗೆ ಕೊಯ್ಯುವ ಕೈ ಅವಳದು. ಈಗ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಒಂದು ಬೂಷ್ಟು ತೊಗರಿ ಗಿಡವನ್ನಷ್ಟೇ ಒಣಗಿಸುವುದಿಲ್ಲ ಎಂಬುದು ಯಾವ ಪರೀಕ್ಷೆಯಲ್ಲೂ ಬರಲಿಲ್ಲ.

ಹಾಗಂತ ಬಿಎಸ್ಸಿ ಬೇಡ ಎಂದು ನಾವು ಹೇಳುವುದಿಲ್ಲ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಹಣ್ಣಿನಲ್ಲಿ ಬಿತ್ತುವ ಬೀಜ ಇಲ್ಲ, ಕಂದು ನೆಟ್ಟೇ ಬೆಳೆಸಬೇಕು. ಅಂದರೆ ಒಂದು ಗಿಡದ ಗುಣವೇ ಅದರ ಕಂದುಗಳಿಗೆಲ್ಲ. ಒಂದಕ್ಕೆ ಹತ್ತುವ ರೋಗ ತೋಟಕ್ಕೇ ಹತ್ತಬಹುದು. ರೋಗವಿಲ್ಲದ ಕಂದು ಆರಿಸಲು ತಿಳಿದವರು ನಮ್ಮೂರಲ್ಲೇ ಬೇಕು.

ಈ ಸಲ ಪಿಯುಸಿ ಮುಗಿಸಿದ ತಮ್ಮ, ತಂಗಿಯರಿಗೆ ಒಂದು ಮಾತು. ಖಾಸಗಿ ಕಾಲೇಜಿಗೆ ಸೇರುವ ಮುಂಚೆ ಕಲಬುರಗಿಯ ಸರ್ಕಾರಿ ಕಾಲೇಜಿನಲ್ಲಿ ಸೀಟು ವಿಚಾರಿಸಿರಿ. ಖಾಸಗಿಗೇ ಹೋಗುವುದಾದರೆ ಲ್ಯಾಬ್ ಒಳಗೆ ಹೋಗಿ ನೋಡಿರಿ, ಮೈಕ್ರೋಸ್ಕೋಪ್ ಎಷ್ಟು ಎಂದು ಎಣಿಸಿರಿ. ಮೂರೂ ವರ್ಷದ ಒಟ್ಟು ಖರ್ಚು ಬರೆಸಿಕೊಳ್ಳಿರಿ. ಫೀ ಕಂತಿನಲ್ಲಿ ಕಟ್ಟಬಹುದೇ ಎಂದು ಅಪ್ಪ ಅವ್ವನ ಎದುರಿಗೇ ಕೇಳಿರಿ. ಡಿಗ್ರಿ ಆದ ಮೇಲೆ ಬಿಇಡಿ ಇದೆ. ಎಂಎಸ್ಸಿಗೆ ಗುಲಬರ್ಗಾ ವಿಶ್ವವಿದ್ಯಾಲಯ ಇದೆ. ನೇಮಕಾತಿ, ಪ್ರವೇಶಕ್ಕೆ 371(ಜೆ) ಮೀಸಲಾತಿ ಇದೆ, ಅದರ ಪ್ರಮಾಣಪತ್ರ ಈಗಲೇ ಮಾಡಿಸಿಕೊಳ್ಳಿರಿ.

ನಮ್ಮ ಗೆಳತಿಯ ರೆಕಾರ್ಡ್ ಬುಕ್ ನಮ್ಮ ಬಳಿಯೇ ಇದೆ. ಅವಳು ಬಿಡಿಸಿದ ತೊಗರಿ ಕಾಂಡದ ಚಿತ್ರವನ್ನು ಊರ ಹುಡುಗರು ನೋಡಿ ಬರೆದುಕೊಳ್ಳುತ್ತಾರೆ.